ಮರುಭೂಮಿಯ ಮಂಜುಗಡ್ಡೆ: ಆಸ್ಟನ್ ಮ್ಯಾಥ್ಯೂಸ್ ಬೆಳೆದ ಹಾದಿ ಮತ್ತು ಫೀನಿಕ್ಸ್ ಕಳೆದುಕೊಂಡದ್ದು

2024ರ ಏಪ್ರಿಲ್ 17ರಂದು ಅಮೆರಿಕದ ಎರಡು ನಗರಗಳಲ್ಲಿ ಎರಡು ಐಸ್ ಹಾಕಿ ಪಂದ್ಯಗಳು ನಡೆದವು. ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, 5 ಸಾವಿರ ಆಸನಗಳೂ ಇಲ್ಲದ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಅರಿಜೋನಾ ಕಯೋಟೀಸ್ ತಂಡವು ಎಡ್ಮಂಟನ್ ಆಯಿಲರ್ಸ್ ತಂಡವನ್ನು 5-2ರಿಂದ ಸೋಲಿಸಿತು. ಅದು ಆ ತಂಡ ಅರಿಜೋನಾದಲ್ಲಿ ಆಡಿದ ಕಟ್ಟಕಡೆಯ ಪಂದ್ಯ. ಮರುದಿನವೇ ತಂಡವನ್ನು ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರಕ್ಕೆ ಒಯ್ಯುವ ವ್ಯವಹಾರಕ್ಕೆ ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಒಪ್ಪಿಗೆ ದೊರೆಯಿತು.

ಅದೇ ದಿನ ಫ್ಲಾರಿಡಾದ ಟ್ಯಾಂಪಾದಲ್ಲಿ ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಆಸ್ಟನ್ ಮ್ಯಾಥ್ಯೂಸ್ ಆ ಋತುವಿನ ಲೀಗ್ ಹಂತದ ಕೊನೆಯ ಪಂದ್ಯವನ್ನು ಆಡುತ್ತಿದ್ದರು. ಋತುವಿನ ಅಂತ್ಯಕ್ಕೆ ಅವರ ಹೆಸರಿನಲ್ಲಿದ್ದ ಗೋಲುಗಳು 69. 1995-96ರ ನಂತರ ಎನ್‌ಎಚ್‌ಎಲ್‌ನ ಒಂದೇ ಋತುವಿನಲ್ಲಿ ಇಷ್ಟು ಗೋಲು ಗಳಿಸಿದ ಆಟಗಾರ ಇನ್ನೊಬ್ಬರಿರಲಿಲ್ಲ. ಮ್ಯಾಥ್ಯೂಸ್ ಆಟ ಕಲಿತದ್ದು ಕೆನಡಾದ ಹೆಪ್ಪುಗಟ್ಟಿದ ಕೆರೆಗಳ ಮೇಲಲ್ಲ. ಅಂದು ತನ್ನ ತಂಡವನ್ನು ಕಳೆದುಕೊಂಡ ಅದೇ ಮರುಭೂಮಿಯ ನಗರದಲ್ಲಿ.

ಒಂದು ನಗರ ತನ್ನ ವೃತ್ತಿಪರ ತಂಡವನ್ನು ಉಳಿಸಿಕೊಳ್ಳಲಾಗದೆ ಸೋತಿತು. ಅದೇ ತಂಡವನ್ನು ನೋಡುತ್ತ ಬೆಳೆದ ಬಾಲಕ ಜಗತ್ತಿನ ಶ್ರೇಷ್ಠ ಗೋಲುಗಾರರಲ್ಲಿ ಒಬ್ಬನಾದ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಆಟಗಾರನೊಬ್ಬ ಹೇಗೆ ತಯಾರಾಗುತ್ತಾನೆ, ಅದಕ್ಕೆ ಯಾರು ಬೆಲೆ ತೆರುತ್ತಾರೆ ಎಂಬ ಪ್ರಶ್ನೆ ಹೆಚ್ಚು ಸ್ಪಷ್ಟವಾಗುತ್ತದೆ.

ಆಟ ಮತ್ತು ಅಂಗಳ

ಹಾಕಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನ. ಐಸ್ ಹಾಕಿ ಅದಕ್ಕಿಂತ ತೀರ ಬೇರೆಯಾದ ಆಟ. ಗೋಲ್‌ಕೀಪರ್ ಸೇರಿ ಆರು ಮಂದಿಯ ಎರಡು ತಂಡಗಳು ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆಗಾಗಿ ಸೆಣಸುತ್ತವೆ. ತಲಾ 20 ನಿಮಿಷಗಳ ಮೂರು ಅವಧಿಗಳಿರುತ್ತವೆ. 32 ತಂಡಗಳ ಎನ್‌ಎಚ್‌ಎಲ್ ಈ ಆಟದ ಅತ್ಯುನ್ನತ ವೃತ್ತಿಪರ ವೇದಿಕೆ. ಇವುಗಳಲ್ಲಿ 25 ತಂಡಗಳು ಅಮೆರಿಕದಲ್ಲಿವೆ, 7 ಕೆನಡಾದಲ್ಲಿವೆ.

ಆಟಕ್ಕೆ ಬೇಕಾದ ಅಂಗಳವೇ ಇಲ್ಲಿನ ಮುಖ್ಯ ತೊಡಕು. ರಿಂಕ್ ಎಂದು ಕರೆಯಲಾಗುವ ಈ ಅಂಗಳದಲ್ಲಿ ಕಾಂಕ್ರೀಟ್ ನೆಲದೊಳಗೆ ಕೊಳವೆಗಳ ಜಾಲವಿರುತ್ತದೆ. ಅತಿಶೀತಲ ಉಪ್ಪುನೀರು ಅಥವಾ ಅಂಥದೇ ದ್ರವ ಅದರಲ್ಲಿ ಹರಿಯುತ್ತದೆ. ಮೇಲೆ ಪದರಪದರವಾಗಿ ನೀರು ಸಿಂಪಡಿಸಿ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆಯನ್ನು ಕಟ್ಟಲಾಗುತ್ತದೆ. ಒಳಗಿನ ಗಾಳಿಯ ತೇವಾಂಶ ತೆಗೆಯುವ ಯಂತ್ರಗಳು, ಗೀರು ಬಿದ್ದ ಮಂಜನ್ನು ಸವರಿ ನೀರುಣಿಸುವ ಜಾಂಬೋನಿ ವಾಹನ, ಹಗಲಿರುಳು ನಿಲ್ಲದ ವಿದ್ಯುತ್ತು, ಇವೆಲ್ಲ ಇದ್ದರಷ್ಟೇ ಅಂಗಳ ಉಳಿಯುತ್ತದೆ. ಹೀಗಾಗಿ ರಿಂಕ್‌ನ ಪ್ರತಿ ಗಂಟೆಗೂ ಬಾಡಿಗೆ. ಮಗುವೊಂದು ಈ ಆಟ ಕಲಿಯಬೇಕಾದರೆ ಸ್ಕೇಟ್, ರಕ್ಷಾ ಕವಚ, ಕೋಲು, ತಂಡದ ಶುಲ್ಕ, ದೂರದ ಪಂದ್ಯಾವಳಿಗಳ ಪ್ರಯಾಣ ಎಲ್ಲವೂ ಪೋಷಕರ ಕಿಸೆಯಿಂದಲೇ ಹೋಗಬೇಕು. ಅರಿಜೋನಾದಲ್ಲಿ ಬೇಸ್‌ಬಾಲ್ ಆಡಲು ಬಯಲು ಸಾಕು. ಐಸ್ ಹಾಕಿ ಆಡಲು ಬಯಲನ್ನೇ ತಯಾರಿಸಬೇಕು.

ಫೀನಿಕ್ಸ್‌ನ ಬಿಸಿಲು ಸಾಮಾನ್ಯವಾದುದಲ್ಲ. 2023ರ ಬೇಸಗೆಯಲ್ಲಿ ಅಲ್ಲಿ ಸತತ 31 ದಿನಗಳ ಕಾಲ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿತ್ತು. ಇಂಥ ಊರಿಗೆ ಐಸ್ ಹಾಕಿ ತನ್ನಷ್ಟಕ್ಕೆ ಬರುವಂಥದ್ದಲ್ಲ. ಅದನ್ನು ಯಾರಾದರೂ ಹೊತ್ತು ತರಬೇಕಿತ್ತು.

1996ರಲ್ಲಿ ತೆರೆದ ಎರಡು ಬಾಗಿಲು

ಅದನ್ನು ಹೊತ್ತು ತಂದದ್ದು ಮತ್ತೊಂದು ನಗರದ ನಷ್ಟ. ಕೆನಡಾದ ವಿನಿಪೆಗ್ ನಗರದ ಜೆಟ್ಸ್ ತಂಡವು ಹಳೆಯ ಕ್ರೀಡಾಂಗಣ ಹಾಗೂ ಕುಸಿದ ಕೆನಡಾ ಡಾಲರ್‌ನ ಹೊರೆ ತಾಳಲಾರದೆ 1996ರಲ್ಲಿ ಫೀನಿಕ್ಸ್‌ಗೆ ಸ್ಥಳಾಂತರಗೊಂಡಿತು. ಅಲ್ಲಿ ಅದರ ಹೆಸರು ಫೀನಿಕ್ಸ್ ಕಯೋಟೀಸ್ ಎಂದಾಯಿತು. 2014ರಲ್ಲಿ ಅರಿಜೋನಾ ಕಯೋಟೀಸ್ ಎಂದು ಬದಲಾಯಿತು.

ಅದೇ 1996ರಲ್ಲಿ ಅಮೆರಿಕದ ಐಸ್ ಹಾಕಿ ಸಂಸ್ಥೆಯು ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ರಾಷ್ಟ್ರೀಯ ತಂಡ ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು. ದೇಶದ ಮೂಲೆಮೂಲೆಗಳಿಂದ ಹದಿಹರೆಯದ ಪ್ರತಿಭೆಗಳನ್ನು ಆರಿಸಿ, ಎರಡು ವರ್ಷ ಒಂದೇ ಕಡೆ ಇಟ್ಟುಕೊಂಡು ತರಬೇತಿ ನೀಡುವುದು ಇದರ ಉದ್ದೇಶ.

ಒಂದು ಮಕ್ಕಳಿಗೆ ಆಟವನ್ನು ತೋರಿಸುವ ಬಾಗಿಲು, ಇನ್ನೊಂದು ಕಲಿತ ಮಕ್ಕಳನ್ನು ಮೇಲಕ್ಕೊಯ್ಯುವ ಬಾಗಿಲು. ಎರಡೂ ತೆರೆದ ಮರುವರ್ಷ, 1997ರ ಸೆಪ್ಟೆಂಬರ್ 17ರಂದು ಆಸ್ಟನ್ ಮ್ಯಾಥ್ಯೂಸ್ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದರು. ಮಗು ಇನ್ನೂ ತೊಟ್ಟಿಲಲ್ಲಿದ್ದಾಗಲೇ ಕುಟುಂಬ ಫೀನಿಕ್ಸ್‌ಗೆ ಹೊಂದಿಕೊಂಡಿರುವ ಸ್ಕಾಟ್ಸ್‌ಡೇಲ್‌ಗೆ ಬಂದು ನೆಲೆಸಿತು. ತಂದೆ ಬೇಸ್‌ಬಾಲ್ ಆಡಿದವರು. ತಾಯಿ ಮೆಕ್ಸಿಕೊ ಮೂಲದವರು. ಮನೆತನದಲ್ಲಿ ಐಸ್ ಹಾಕಿಯ ಪರಂಪರೆ ಇರಲಿಲ್ಲ. ಪುಟ್ಟ ಹುಡುಗನನ್ನು ಕಯೋಟೀಸ್ ಪಂದ್ಯಗಳಿಗೆ ಕರೆದೊಯ್ದಾಗ ಮೊದಲು ಅವನನ್ನು ಸೆಳೆದದ್ದು ಆಟವಲ್ಲ, ವಿರಾಮದಲ್ಲಿ ಮಂಜು ಸವರುತ್ತ ಸಾಗುವ ಜಾಂಬೋನಿ ವಾಹನ. ಐದನೆಯ ವಯಸ್ಸಿಗೆ ಅವನೂ ಸ್ಕೇಟ್ ಕಟ್ಟಿಕೊಂಡ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಬಾಲಕ ಪ್ರತಿಭಾವಂತ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎರಡೇ ವರ್ಷ ಮೊದಲು ಅದೇ ಊರಿನಲ್ಲಿ ಅವನಿಗೆ ನೋಡಲು ಎನ್‌ಎಚ್‌ಎಲ್ ಪಂದ್ಯವೇ ಇರುತ್ತಿರಲಿಲ್ಲ. ಬಹುಶಃ ಅವನು ಒಬ್ಬ ಒಳ್ಳೆಯ ಬೇಸ್‌ಬಾಲ್ ಆಟಗಾರನಾಗುತ್ತಿದ್ದ. ಆ ಆಟದಲ್ಲೂ ಅವನಿಗೆ ಕೈ ಕುದುರಿತ್ತು.

ಕಿರಿದಾದ ಅಂಗಳ, ಪರದೇಶಿ ಗುರು

ಮ್ಯಾಥ್ಯೂಸ್ ಬೆಳೆದ ಬಗೆಯಲ್ಲಿ ಫೀನಿಕ್ಸ್‌ನ ಕೊರತೆಗಳೇ ಅನುಕೂಲಗಳಾದವು. ಪೂರ್ಣ ಅಳತೆಯ ಎನ್‌ಎಚ್‌ಎಲ್ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಅಂಥ ಅಂಗಳಗಳು ಆ ನಗರದಲ್ಲಿ ಕಡಿಮೆ. ಮ್ಯಾಥ್ಯೂಸ್ ಬಾಲ್ಯದ ಬಹಳಷ್ಟು ಹೊತ್ತು ಕಳೆದದ್ದು ಆಜೀ ಐಸ್ ಎಂಬ ಕಿರಿದಾದ ರಿಂಕ್‌ನಲ್ಲಿ. ಅಲ್ಲಿ ತಂಡಕ್ಕೆ ಮೂವರಂತೆ ಆಟ. ಜಾಗ ಕಡಿಮೆಯಾದಾಗ ಎದುರಾಳಿ ಸದಾ ಕೈಯಳತೆಯಲ್ಲಿರುತ್ತಾನೆ. ಪಕ್ ಸಿಕ್ಕ ಮರುಕ್ಷಣವೇ ತಿರುಗಬೇಕು, ಮರೆಮಾಡಬೇಕು, ಹೊಡೆಯಬೇಕು. ದೊಡ್ಡ ಅಂಗಳದಲ್ಲಿ ಪಂದ್ಯಕ್ಕೆ ನಾಲ್ಕಾರು ಬಾರಿ ಪಕ್ ಮುಟ್ಟುವ ಹುಡುಗ ಇಲ್ಲಿ ಹತ್ತಾರು ಬಾರಿ ಮುಟ್ಟುತ್ತಾನೆ. ಮುಂದೆ ಎನ್‌ಎಚ್‌ಎಲ್ ರಕ್ಷಣಾ ಆಟಗಾರರನ್ನು ಕಂಗೆಡಿಸಿದ ಅವರ ಕ್ಷಿಪ್ರ ಹೊಡೆತದ ಬೇರು ಈ ಇಕ್ಕಟ್ಟಿನಲ್ಲಿದೆ ಎಂದರೆ ತಪ್ಪಾಗಲಾರದು.

ಎರಡನೆಯ ಅನುಕೂಲ ಒಬ್ಬ ಗುರು. ಉಕ್ರೇನ್ ಮೂಲದ ಬೋರಿಸ್ ಡೊರೊಝೆಂಕೊ ಮೊದಲು ಮೆಕ್ಸಿಕೊದಲ್ಲಿ ಐಸ್ ಹಾಕಿ ತರಬೇತುದಾರರಾಗಿದ್ದು, ಆಮೇಲೆ ಫೀನಿಕ್ಸ್‌ಗೆ ಬಂದವರು. ಅವರ ವಿಧಾನ ರೂಢಿಗೆ ಒಗ್ಗುವಂಥದ್ದಾಗಿರಲಿಲ್ಲ. ಮಂಜಿನ ಮೇಲೆ ಓಡುವುದು, ಕುಪ್ಪಳಿಸುವುದು, ಸ್ಕೇಟಿನ ಅಂಚಿನ ಮೇಲೆ ದೇಹದ ಭಾರ ಹೊತ್ತು ತಿರುಗುವುದು, ಬಿದ್ದು ಏಳುವುದು ಅದರ ಭಾಗ. ಸಮತೋಲ ತಪ್ಪಿದ ಸ್ಥಿತಿಯಲ್ಲೂ ದೇಹವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದನ್ನು ಕಲಿಸುವುದೇ ಅದರ ತಿರುಳು. ಅರಿಜೋನಾ ಬಾಬ್‌ಕ್ಯಾಟ್ಸ್ ಎಂಬ ಕಿರಿಯರ ತಂಡದಲ್ಲಿ ಆಡುತ್ತಿದ್ದ ಮ್ಯಾಥ್ಯೂಸ್ ಈ ಗುರುವಿನ ಕೈಯಲ್ಲಿ ವರ್ಷಗಟ್ಟಲೆ ಪಳಗಿದರು.

2010ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ನಡೆಯುವ ಹೆಸರಾಂತ ಕಿರಿಯರ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ ಮ್ಯಾಥ್ಯೂಸ್ ಕಾಣಿಸಿಕೊಂಡರು. ಆಡಿದ್ದು ಅಮೆರಿಕದ ತಂಡಕ್ಕಲ್ಲ, ಉಕ್ರೇನಿನ ಖಾರ್ಕಿವ್ ನಗರದ ತಂಡಕ್ಕೆ, ಹೊರಗಿನಿಂದ ಸೇರಿಸಿಕೊಂಡ ಆಟಗಾರನಾಗಿ. ಮೆಕ್ಸಿಕೊ ಮೂಲದ ತಾಯಿಯ ಮಗ, ಅರಿಜೋನಾದ ಹುಡುಗ, ಉಕ್ರೇನ್ ಗುರುವಿನ ಶಿಷ್ಯ, ಕೆನಡಾದ ಮಂಜಿನ ಮೇಲೆ ಖಾರ್ಕಿವ್‌ನ ಅಂಗಿ ತೊಟ್ಟು ಆಡಿದ್ದು ಈ ಆಟದ ಹೊಸ ಭೂಗೋಳವನ್ನೇ ಸೂಚಿಸುವಂತಿತ್ತು.

ಕವಲು ದಾರಿಯಲ್ಲಿ ಆಯ್ಕೆ

ಹದಿನಾಲ್ಕು ಹದಿನೈದರ ವಯಸ್ಸು ಐಸ್ ಹಾಕಿ ಆಟಗಾರನ ಬದುಕಿನಲ್ಲಿ ನಿರ್ಣಾಯಕ. ಉತ್ತರ ಅಮೆರಿಕದಲ್ಲಿ ಆಗ ಎರಡು ದಾರಿಗಳಿದ್ದವು. ಒಂದು, ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳು. ಅಲ್ಲಿ ಹದಿಹರೆಯದವರು ಮನೆ ಬಿಟ್ಟು ಅತಿಥೇಯ ಕುಟುಂಬಗಳ ಜತೆ ವಾಸಿಸುತ್ತ, ಸಣ್ಣ ಭತ್ಯೆ ಪಡೆದು, ವೃತ್ತಿಪರರ ಮಾದರಿಯ ದೀರ್ಘ ವೇಳಾಪಟ್ಟಿಯಲ್ಲಿ ಆಡುತ್ತಾರೆ. ಎರಡು, ಅಮೆರಿಕದ ಕಾಲೇಜು ಹಾಕಿ. ಮೇಜರ್ ಜೂನಿಯರ್‌ನಲ್ಲಿ ಆಡಿದವರನ್ನು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ವೃತ್ತಿಪರರೆಂದೇ ಪರಿಗಣಿಸುತ್ತಿದ್ದುದರಿಂದ, ಮೊದಲ ದಾರಿ ಹಿಡಿದವರಿಗೆ ಎರಡನೆಯದು ಮುಚ್ಚಿಹೋಗುತ್ತಿತ್ತು. ಹದಿನಾರರ ಹುಡುಗ ಕೈಗೊಂಡ ತೀರ್ಮಾನವನ್ನು ಇಪ್ಪತ್ತರಲ್ಲಿ ತಿದ್ದಿಕೊಳ್ಳುವ ಅವಕಾಶವಿರಲಿಲ್ಲ.

2012ರಲ್ಲಿ ಮೇಜರ್ ಜೂನಿಯರ್‌ನ ಎವರೆಟ್ ಸಿಲ್ವರ್‌ಟಿಪ್ಸ್ ತಂಡವು ಮ್ಯಾಥ್ಯೂಸ್ ಅವರನ್ನು ಮೂರನೆಯ ಸುತ್ತಿನಲ್ಲಿ, ಒಟ್ಟಾರೆ 57ನೆಯವರಾಗಿ ಆರಿಸಿತು. ಮುಂದೆ ಪೀಳಿಗೆಗೊಬ್ಬ ಎನಿಸಿಕೊಳ್ಳಲಿದ್ದ ಆಟಗಾರನಿಗಿಂತ ಮೊದಲು ಐವತ್ತಾರು ಹುಡುಗರ ಹೆಸರು ಕೂಗಲಾಗಿತ್ತು ಎಂಬುದು ಹದಿನಾಲ್ಕರ ವಯಸ್ಸಿನಲ್ಲಿ ಪ್ರತಿಭೆ ಅಳೆಯುವ ಪದ್ಧತಿಯ ಮಿತಿಯನ್ನು ತೋರಿಸುತ್ತದೆ.

ಮ್ಯಾಥ್ಯೂಸ್ ಆ ದಾರಿ ಹಿಡಿಯದೆ 2013ರಲ್ಲಿ ಆನ್ ಆರ್ಬರ್‌ನ ರಾಷ್ಟ್ರೀಯ ಕಾರ್ಯಕ್ರಮ ಸೇರಿದರು. ಆರಂಭದ ಪಂದ್ಯಗಳಲ್ಲೇ ತೊಡೆಮೂಳೆ ಮುರಿಯಿತು. ಸ್ಕೇಟ್ ಮಾಡುವವನಿಗೆ ತೊಡೆಯೇ ಬಲ. ಹಲವರ ಕ್ರೀಡಾ ಬದುಕು ಅಲ್ಲಿಗೇ ಮುಗಿಯುವುದುಂಟು. ಆದರೆ ಇಲ್ಲಿ ವೈದ್ಯಕೀಯ ನೆರವು, ಪುನಶ್ಚೇತನ, ಕಾಯುವ ತಾಳ್ಮೆ ಮೂರೂ ಒಂದು ಸಂಸ್ಥೆಯಿಂದ ದೊರೆತವು. ಆ ಋತು ಮುಗಿಯುವ ಮೊದಲೇ ಅವರು 18 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದರು. 2014-15ರಲ್ಲಿ 55 ಗೋಲು ಮತ್ತು 62 ಗೋಲು ನೆರವುಗಳೊಂದಿಗೆ 117 ಅಂಕ ಗಳಿಸಿ, ಪ್ಯಾಟ್ರಿಕ್ ಕೇನ್ ಹೆಸರಿನಲ್ಲಿದ್ದ 102 ಅಂಕಗಳ ಕಾರ್ಯಕ್ರಮದ ದಾಖಲೆಯನ್ನು ಮುರಿದರು.

ಅಂದು ಮ್ಯಾಥ್ಯೂಸ್ ಎದುರಿಸಿದ ಕವಲು ಇಂದು ಅದೇ ರೂಪದಲ್ಲಿ ಉಳಿದಿಲ್ಲ. 2024ರ ನವೆಂಬರ್‌ನಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ತನ್ನ ನಿಯಮ ಸಡಿಲಿಸಿ, ಮೇಜರ್ ಜೂನಿಯರ್ ಆಟಗಾರರಿಗೂ 2025-26ರ ಋತುವಿನಿಂದ ಕಾಲೇಜು ತಂಡಗಳ ಬಾಗಿಲು ತೆರೆಯಿತು. ಅದರ ಬೆನ್ನಲ್ಲೇ 2025ರಲ್ಲಿ ಕೆನಡಾದ ಉದಯೋನ್ಮುಖ ತಾರೆ ಗ್ಯಾವಿನ್ ಮೆಕೆನಾ ಮೆಡಿಸಿನ್ ಹ್ಯಾಟ್ ಟೈಗರ್ಸ್ ತಂಡ ಬಿಟ್ಟು ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಹುಡುಗರ ಆಯ್ಕೆ ಹಿಗ್ಗಿದೆ. ಆದರೆ ಆ ಆಯ್ಕೆಯ ಹೊಸ್ತಿಲಿಗೆ ಬರುವವರೆಗಿನ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಈ ನಿಯಮ ಮುಟ್ಟಿಲ್ಲ.

ಎರಡು ದಿನಗಳ ಅಂತರ

ಎನ್‌ಎಚ್‌ಎಲ್ ತಂಡಗಳು ಪ್ರತಿ ವರ್ಷ ಡ್ರಾಫ್ಟ್ ಎಂಬ ಸರದಿ ಆಯ್ಕೆಯಲ್ಲಿ ಯುವ ಆಟಗಾರರನ್ನು ಹಂಚಿಕೊಳ್ಳುತ್ತವೆ. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬುವವರಿಗೆ ಮಾತ್ರ ಅವಕಾಶ. ಮ್ಯಾಥ್ಯೂಸ್ ಹುಟ್ಟಿದ್ದು ಸೆಪ್ಟೆಂಬರ್ 17ರಂದು. ಎರಡೇ ದಿನಗಳ ಅಂತರದಲ್ಲಿ ಅವರು 2015ರ ಡ್ರಾಫ್ಟ್ ತಪ್ಪಿಸಿಕೊಂಡು ಒಂದು ವರ್ಷ ಕಾಯಬೇಕಾಯಿತು.

ಈ ಎರಡು ದಿನಗಳ ಹಿಂದೆ ಒಂದು ವಿಚಿತ್ರ ಸಾಧ್ಯತೆ ಅಡಗಿದೆ. 2015ರಲ್ಲಿ ಮೊದಲ ಆಯ್ಕೆ ಕಾನರ್ ಮೆಕ್‌ಡೇವಿಡ್, ಎರಡನೆಯದು ಜ್ಯಾಕ್ ಐಕಲ್. ಮೂರನೆಯ ಆಯ್ಕೆಯ ಹಕ್ಕು ಇದ್ದದ್ದು ಅರಿಜೋನಾ ಕಯೋಟೀಸ್‌ಗೆ. ಮ್ಯಾಥ್ಯೂಸ್ ಎರಡು ದಿನ ಮೊದಲೇ ಹುಟ್ಟಿದ್ದರೆ ತವರಿನ ತಂಡವೇ ಅವರನ್ನು ಪಡೆಯುವ ಸಂಭವವಿತ್ತು. ಅದರಿಂದ ತಂಡ ಉಳಿಯುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ನಗರಕ್ಕೆ ತನ್ನದೇ ಆದ ಒಂದು ಮುಖ ಸಿಗುತ್ತಿತ್ತು.

ಹುಟ್ಟಿದ ದಿನಾಂಕಕ್ಕೂ ಈ ಆಟಕ್ಕೂ ಇರುವ ನಂಟು ಹೊಸದಲ್ಲ. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್‌ಸ್ಲಿ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಕಿರಿಯರ ಹಾಕಿಯಲ್ಲಿ ವಯೋಮಿತಿ ಜನವರಿಯಿಂದ ಡಿಸೆಂಬರ್‌ವರೆಗೆ. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಸುಮಾರು ಒಂದು ವರ್ಷ ದೊಡ್ಡವನಾಗಿದ್ದರೂ ಇಬ್ಬರೂ ಒಂದೇ ಗುಂಪಿನಲ್ಲಿ ಆಡುತ್ತಾರೆ. ದೊಡ್ಡವನು ಪ್ರತಿಭಾವಂತನಂತೆ ಕಾಣುತ್ತಾನೆ, ಆಯ್ಕೆಯಾಗುತ್ತಾನೆ, ಉತ್ತಮ ತರಬೇತಿ ಪಡೆಯುತ್ತಾನೆ, ಕೊನೆಗೆ ನಿಜಕ್ಕೂ ಉತ್ತಮನಾಗುತ್ತಾನೆ. ಹೀಗಾಗಿ ಮೇಲಿನ ಹಂತದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರ ಸಂಖ್ಯೆ ಹೆಚ್ಚು. ಸೆಪ್ಟೆಂಬರಿನ ಹುಡುಗ ಈ ಜರಡಿಯಲ್ಲಿ ಸೋಸಿಹೋಗದೆ ಉಳಿದದ್ದರಲ್ಲಿ, ಜರಡಿ ಅಷ್ಟು ಬಿಗಿಯಾಗಿಲ್ಲದ ಫೀನಿಕ್ಸ್‌ನ ಪಾಲೂ ಇರಬಹುದು. ಸಾವಿರಾರು ಹುಡುಗರು ಸ್ಪರ್ಧಿಸುವ ಟೊರೊಂಟೊದಲ್ಲಿ ಎಂಟು ವರ್ಷಕ್ಕೇ ಶ್ರೇಣೀಕರಣ ನಡೆಯುತ್ತದೆ. ಮರುಭೂಮಿಯಲ್ಲಿ ಆಡುವ ಹುಡುಗರೇ ಕಡಿಮೆಯಿದ್ದುದರಿಂದ ಎಲ್ಲರಿಗೂ ಮಂಜಿನ ಮೇಲೆ ಹೊತ್ತು ಸಿಗುತ್ತಿತ್ತು.

ಕಾಯಬೇಕಾದ ವರ್ಷವನ್ನು ಮ್ಯಾಥ್ಯೂಸ್ ಸ್ವಿಟ್ಜರ್‌ಲೆಂಡಿನಲ್ಲಿ ಕಳೆದರು. ಜ್ಯೂರಿಕ್‌ನ ಝಡ್‌ಎಸ್‌ಸಿ ಲಯನ್ಸ್ ತಂಡಕ್ಕೆ ಆಡಲು ಹದಿನೆಂಟು ತುಂಬುವುದು ಅಗತ್ಯವಿತ್ತು. ತುಂಬಿದ ಮರುದಿನವೇ, 2015ರ ಸೆಪ್ಟೆಂಬರ್ 18ರಂದು, ಮೊದಲ ಪಂದ್ಯವಾಡಿ ಗೋಲು ಹೊಡೆದರು. ಎನ್‌ಎಚ್‌ಎಲ್‌ನಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ಅನುಭವಿ ಮಾರ್ಕ್ ಕ್ರಾಫರ್ಡ್ ಅಲ್ಲಿ ತರಬೇತುದಾರರು. ವಯಸ್ಕರ ಲೀಗ್‌ನಲ್ಲಿ 36 ಪಂದ್ಯಗಳಿಂದ 24 ಗೋಲು, ಒಟ್ಟು 46 ಅಂಕ ಬಂದವು. ಓರಗೆಯವರ ನಡುವೆ ಇನ್ನೊಂದು ವರ್ಷ ದಾಖಲೆ ಬರೆಯುವುದಕ್ಕಿಂತ, ತನಗಿಂತ ಹತ್ತು ವರ್ಷ ಹಿರಿಯರ ನಡುವೆ ಆಡುವುದು ಹೆಚ್ಚಿನ ಪಾಠ ಎಂಬ ಲೆಕ್ಕಾಚಾರ ಫಲಿಸಿತು. ಮಗನ ಜತೆ ತಾಯಿಯೂ ಜ್ಯೂರಿಕ್‌ಗೆ ಹೋಗಿ ಮನೆ ಹೂಡಿದ್ದರು ಎಂಬುದನ್ನು ಮರೆಯುವಂತಿಲ್ಲ. ಅಂಕಿಅಂಶಗಳ ಪಟ್ಟಿಯಲ್ಲಿ ಇಂಥ ಲೆಕ್ಕಗಳು ಸೇರುವುದಿಲ್ಲ.

ಟೊರೊಂಟೊದ ಭಾರ

2016ರ ಜೂನ್ 24ರಂದು ಮೇಪಲ್ ಲೀಫ್ಸ್ ತಂಡವು ಮ್ಯಾಥ್ಯೂಸ್ ಅವರನ್ನು ಮೊದಲ ಆಯ್ಕೆಯಾಗಿ ಪಡೆಯಿತು. ಅಕ್ಟೋಬರ್ 12ರಂದು ಒಟ್ಟಾವಾ ವಿರುದ್ಧದ ಮೊಟ್ಟಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದು ಅವರು ಹಾಕಿ ಜಗತ್ತನ್ನು ಬೆರಗುಗೊಳಿಸಿದರು. ಆ ಪಂದ್ಯವನ್ನು ಅವರ ತಂಡ ಹೆಚ್ಚುವರಿ ಅವಧಿಯಲ್ಲಿ 5-4ರಿಂದ ಸೋತಿತು. ಒಬ್ಬನ ಅಸಾಧಾರಣ ಆಟ, ತಂಡದ ಸೋಲು: ಮುಂದಿನ ವರ್ಷಗಳ ಕಥೆ ಅಂದೇ ಬರೆದಂತಿತ್ತು.

ಆ ಋತುವಿನಲ್ಲಿ 40 ಗೋಲು ಮತ್ತು ಶ್ರೇಷ್ಠ ಹೊಸಬನಿಗೆ ಸಲ್ಲುವ ಕಾಲ್ಡರ್ ಟ್ರೋಫಿ ದೊರೆತವು. 2021, 2022 ಮತ್ತು 2024ರಲ್ಲಿ ಅತಿ ಹೆಚ್ಚು ಗೋಲುಗಳಿಗಾಗಿ ರಾಕೆಟ್ ರಿಚರ್ಡ್ ಟ್ರೋಫಿ, 2022ರಲ್ಲಿ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಬಂದವು. 2023ರ ಆಗಸ್ಟ್‌ನಲ್ಲಿ ನಾಲ್ಕು ವರ್ಷಗಳಿಗೆ 5.3 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಮರುವರ್ಷ ಆಗಸ್ಟ್‌ನಲ್ಲಿ ತಂಡದ ನಾಯಕತ್ವವೂ ಹೆಗಲೇರಿತು.

ಆದರೆ ಟೊರೊಂಟೊ 1967ರಲ್ಲಿ ಗೆದ್ದ ಸ್ಟ್ಯಾನ್ಲಿ ಕಪ್ಪೇ ಆ ನಗರದ ಕೊನೆಯ ಕಪ್. 2023ರಲ್ಲಿ ತಂಡ ನಾಕೌಟ್ ಹಂತದ ಒಂದು ಸರಣಿ ಗೆದ್ದದ್ದೇ 2004ರ ನಂತರದ ಮೊದಲ ಗೆಲುವಾಗಿತ್ತು. 2025ರಲ್ಲಿ ಎರಡನೆಯ ಸುತ್ತಿನಲ್ಲಿ ಫ್ಲಾರಿಡಾ ವಿರುದ್ಧ ಏಳನೆಯ ಪಂದ್ಯದಲ್ಲಿ ಸೋತಿತು. ಟೊರೊಂಟೊದ ಕಟುವಿಮರ್ಶಕರು ಇದನ್ನು ಮ್ಯಾಥ್ಯೂಸ್ ಲೆಕ್ಕಕ್ಕೇ ಬರೆಯುತ್ತಾರೆ. ತಂಡದ ಆಟದಲ್ಲಿ ಒಬ್ಬನನ್ನೇ ಹೊಣೆಯಾಗಿಸುವುದು ಎಷ್ಟು ತಪ್ಪೋ, ಒಬ್ಬನ ಏಳಿಗೆಯನ್ನು ಅವನೊಬ್ಬನ ಸಾಧನೆ ಎಂದು ಬಣ್ಣಿಸುವುದೂ ಅಷ್ಟೇ ತಪ್ಪು.

ತಂಡ ಹೋದದ್ದೇಕೆ?

ಮ್ಯಾಥ್ಯೂಸ್ ಏರುತ್ತಿದ್ದ ಅದೇ ವರ್ಷಗಳಲ್ಲಿ ಕಯೋಟೀಸ್ ಇಳಿಯುತ್ತಿತ್ತು. 2003ರ ಡಿಸೆಂಬರ್‌ನಲ್ಲಿ ತಂಡ ಫೀನಿಕ್ಸ್ ನಗರದ ಮಧ್ಯಭಾಗ ಬಿಟ್ಟು ಪಶ್ಚಿಮದ ಗ್ಲೆಂಡೇಲ್‌ಗೆ ಹೋಯಿತು. ಹೊಸ ಕ್ರೀಡಾಂಗಣಕ್ಕೆ ಆ ಉಪನಗರ ಸುಮಾರು 18 ಕೋಟಿ ಡಾಲರ್ ಒದಗಿಸಿತ್ತು. ಟಿಕೆಟ್ ಕೊಳ್ಳುವ ಅಭಿಮಾನಿಗಳಲ್ಲಿ ಬಹುಪಾಲು ಮಂದಿ ನಗರದ ಇನ್ನೊಂದು ತುದಿಯಾದ ಪೂರ್ವಭಾಗದಲ್ಲಿದ್ದರು. 2009ರ ಮೇ ತಿಂಗಳಲ್ಲಿ ತಂಡ ದಿವಾಳಿ ಅರ್ಜಿ ಸಲ್ಲಿಸಿತು. ಎನ್‌ಎಚ್‌ಎಲ್ ತಾನೇ ತಂಡವನ್ನು ಕೊಂಡು ನಡೆಸಬೇಕಾಯಿತು. ತಂಡ ಊರು ಬಿಡದಂತೆ ನೋಡಿಕೊಳ್ಳಲು ಗ್ಲೆಂಡೇಲ್ ನಗರಸಭೆ ಎರಡು ವರ್ಷ ತಲಾ 2.5 ಕೋಟಿ ಡಾಲರ್ ತೆತ್ತಿತು. ಕೊನೆಗೆ ಅದಕ್ಕೂ ಸಾಕಾಗಿ, 2021ರಲ್ಲಿ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ತಿಳಿಸಿತು. 2022ರಿಂದ ತಂಡ ಟೆಂಪಿಯ ಪುಟ್ಟ ವಿಶ್ವವಿದ್ಯಾಲಯ ಕ್ರೀಡಾಂಗಣದಲ್ಲಿ ಬಿಡಾರ ಹೂಡಿತು.

ಟೆಂಪಿಯಲ್ಲಿ ಕಸದ ರಾಶಿಯಿದ್ದ ಜಮೀನಿನಲ್ಲಿ 210 ಕೋಟಿ ಡಾಲರ್‌ಗಳ ಕ್ರೀಡಾಂಗಣ ಸಹಿತ ಬಡಾವಣೆ ನಿರ್ಮಿಸುವ ಪ್ರಸ್ತಾವ 2023ರ ಮೇ 16ರಂದು ಜನಮತಕ್ಕೆ ಬಂದಿತು. ಮತದಾರರು ಅದನ್ನು ತಿರಸ್ಕರಿಸಿದರು. ಹನ್ನೊಂದು ತಿಂಗಳ ಬಳಿಕ 120 ಕೋಟಿ ಡಾಲರ್ ವ್ಯವಹಾರದಲ್ಲಿ ತಂಡ ಯೂಟಾ ಪಾಲಾಯಿತು.

ಮತದಾರರ ತೀರ್ಪನ್ನು ಹೀಗಳೆಯಲು ಕಾರಣವಿಲ್ಲ. ಸಿರಿವಂತ ಮಾಲೀಕರ ತಂಡದ ಕ್ರೀಡಾಂಗಣಕ್ಕೆ ಹಣ ಕೊಟ್ಟು ಕೈಸುಟ್ಟುಕೊಂಡ ಗ್ಲೆಂಡೇಲ್‌ನ ಉದಾಹರಣೆ ಅವರ ಕಣ್ಣೆದುರೇ ಇತ್ತು. ಆದರೆ ಮತಪತ್ರದಲ್ಲಿದ್ದದ್ದು ಒಂದೇ ಬಗೆಯ ಪ್ರಶ್ನೆ: ದೊಡ್ಡ ಕ್ರೀಡಾಂಗಣ ಬೇಕೇ, ಬೇಡವೇ? ಮಕ್ಕಳು ಆಡುವ ಸಣ್ಣ ಅಂಗಳಗಳಿಗೆ ಯಾರು ಹಣ ಕೊಡಬೇಕು ಎಂಬ ಪ್ರಶ್ನೆ ಅಲ್ಲಿರಲಿಲ್ಲ. ಮ್ಯಾಥ್ಯೂಸ್ ಆಸೆ ಹುಟ್ಟಿದ್ದು ದೊಡ್ಡ ಕ್ರೀಡಾಂಗಣದ ಆಸನದಲ್ಲಿ. ಆಟಗಾರನಾದದ್ದು ಸಣ್ಣ ಅಂಗಳದ ಮಂಜಿನ ಮೇಲೆ. ಸಾರ್ವಜನಿಕ ಚರ್ಚೆ ಮೊದಲನೆಯದರ ಸುತ್ತಲೇ ಗಿರಕಿ ಹೊಡೆಯಿತು.

ಬೇರೆ ನಗರಗಳ ಪಾಠ

1988ರ ಆಗಸ್ಟ್‌ನಲ್ಲಿ ವೇನ್ ಗ್ರೆಟ್ಸ್‌ಕಿ ಎಡ್ಮಂಟನ್ ಬಿಟ್ಟು ಲಾಸ್ ಏಂಜಲೀಸ್ ಸೇರಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಆಟ ಬೇರುಬಿಟ್ಟಿತು. 1993ರಲ್ಲಿ ಮಿನ್ನೆಸೋಟದಿಂದ ಟೆಕ್ಸಸ್‌ಗೆ ಬಂದ ಡಲ್ಲಾಸ್ ಸ್ಟಾರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಉಪನಗರಗಳ ಆಡಳಿತಗಳ ಜತೆಗೂಡಿ ಸ್ಟಾರ್‌ಸೆಂಟರ್ ಎಂಬ ಹೆಸರಿನಲ್ಲಿ ರಿಂಕ್‌ಗಳ ಸರಣಿಯನ್ನೇ ಕಟ್ಟಿತು. ವೃತ್ತಿಪರ ತಂಡ ಅಲ್ಲಿ ಕೇವಲ ನೋಟವನ್ನು ಮಾರಲಿಲ್ಲ, ಅಂಗಳವನ್ನೂ ಹಬ್ಬಿಸಿತು. ಟೆಕ್ಸಸ್‌ನ ಪ್ಲೇನೋದಲ್ಲಿ ಬೆಳೆದ ಬ್ಲೇಕ್ ಕೋಲ್ಮನ್ ಟ್ಯಾಂಪಾ ಪರ 2020 ಮತ್ತು 2021ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು.

ಅಟ್ಲಾಂಟಾದ ಅನುಭವ ತದ್ವಿರುದ್ಧ. 1980ರಲ್ಲಿ ಅದರ ತಂಡ ಕ್ಯಾಲ್ಗರಿಗೆ ಹೋಯಿತು. 2011ರಲ್ಲಿ ಎರಡನೆಯ ತಂಡ ವಿನಿಪೆಗ್‌ಗೆ ಹೋಯಿತು. ಹೀಗೆ ಫೀನಿಕ್ಸ್‌ಗೆ ತನ್ನ ತಂಡ ಒಪ್ಪಿಸಿದ್ದ ವಿನಿಪೆಗ್, ಹದಿನೈದು ವರ್ಷಗಳ ಬಳಿಕ ಅಟ್ಲಾಂಟಾದ ತಂಡವನ್ನು ಪಡೆಯಿತು. ತಂಡಗಳು ಊರಿಂದೂರಿಗೆ ಮಾರಾಟವಾಗುವ ಈ ವ್ಯವಸ್ಥೆಯಲ್ಲಿ ಮಾಲೀಕರು ಬಂಡವಾಳ ಹೊತ್ತು ನಡೆಯಬಲ್ಲರು, ಮಕ್ಕಳು ನಡೆಯಲಾರರು.

ಫೀನಿಕ್ಸ್‌ನ ಫಸಲು ಮ್ಯಾಥ್ಯೂಸ್ ಒಬ್ಬರೇ ಅಲ್ಲ. 2002ರಲ್ಲಿ ಫೀನಿಕ್ಸ್‌ನಲ್ಲಿ ಹುಟ್ಟಿದ ಮ್ಯಾಥ್ಯೂ ನೈಸ್ ಸ್ಲೊವಾಕ್ ಮೂಲದ ಕುಟುಂಬದವರು. ಮುಂದೆ ಟೊರೊಂಟೊದಲ್ಲಿ ಮ್ಯಾಥ್ಯೂಸ್ ಜತೆಗೇ ಆಡಿದರು. ವಿನಿಪೆಗ್‌ನಿಂದ ತಂಡದ ಜತೆ ಬಂದು ಎರಡು ದಶಕ ಅದರ ಜೀವಾಳವಾಗಿದ್ದ ಶೇನ್ ಡೋನ್ ಅವರ ಪುತ್ರ ಜಾಶ್ ಡೋನ್ ಸ್ಕಾಟ್ಸ್‌ಡೇಲ್‌ನಲ್ಲಿ ಹುಟ್ಟಿ, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿ, 2024ರ ಮಾರ್ಚ್‌ನಲ್ಲಿ ಕಯೋಟೀಸ್ ಪರ ಮೊದಲ ಎನ್‌ಎಚ್‌ಎಲ್ ಪಂದ್ಯದಲ್ಲೇ ಎರಡು ಗೋಲು ಗಳಿಸಿದರು. ಮುಂದಿನ ತಿಂಗಳೇ ಆ ತಂಡ ಊರು ಬಿಟ್ಟಿತು. ಫಲ ಕೈಗೆ ಬರುವ ಹೊತ್ತಿಗೆ ತೋಟವೇ ಮಾರಾಟವಾದಂತಾಯಿತು.

ಎಲ್ಲವೂ ಬರಿದಾಗಿಲ್ಲ ಎಂಬುದನ್ನೂ ಹೇಳಬೇಕು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಕಾಲೇಜು ಹಾಕಿಯ ಅಗ್ರ ಶ್ರೇಣಿಗೆ ಏರಿತು. ಕಯೋಟೀಸ್‌ನ ಕೊನೆಯ ಬಿಡಾರವಾಗಿದ್ದ ಕ್ರೀಡಾಂಗಣ ಅದರದೇ. ಅರಿಜೋನಾದಲ್ಲಿ ಬೆಳೆದು 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಲಿಂಡ್ಸಿ ಫ್ರೈ ಕಚೀನಾಸ್ ಹೆಸರಿನಲ್ಲಿ ಬಾಲಕಿಯರ ಹಾಕಿಯನ್ನು ಕಟ್ಟಲು ಶ್ರಮಿಸಿದರು.

ತಡವಾಗಿ ಬರುವ ಉತ್ತರ

ಯುವ ಆಟಗಾರನೊಬ್ಬನ ಯಶೋಗಾಥೆಯನ್ನು ಛಲ, ಶ್ರಮ, ಪ್ರತಿಭೆ ಎಂಬ ಮೂರು ಪದಗಳಲ್ಲಿ ಮುಗಿಸುವುದು ವಾಡಿಕೆ. ಮ್ಯಾಥ್ಯೂಸ್‌ಗೆ ಈ ಮೂರೂ ಇದ್ದವು. ಅವುಗಳ ಜತೆಗೆ ನೋಡಲು ಒಂದು ತಂಡ, ಆಡಲು ಒಂದು ಅಂಗಳ, ತಿದ್ದಲು ಒಬ್ಬ ಗುರು, ಮೂಳೆ ಮುರಿದಾಗ ಕೈಬಿಡದ ಒಂದು ಸಂಸ್ಥೆ, ಖಂಡ ದಾಟಿ ಜತೆಗೆ ಬಂದ ಒಂದು ಕುಟುಂಬವೂ ಇದ್ದವು. ಇವುಗಳಲ್ಲಿ ಒಂದು ಕೊಂಡಿ ಕಳಚಿದ್ದರೂ 69 ಗೋಲುಗಳ ದಾಖಲೆಯಲ್ಲಿ ಆ ಹೆಸರು ಇರುತ್ತಿರಲಿಲ್ಲ. ಕೊಂಡಿ ಕಳಚಿದ್ದರಿಂದಲೇ ಬೆಳಕಿಗೆ ಬಾರದೆ ಹೋದವರ ಪಟ್ಟಿಯನ್ನು ಯಾವ ಲೀಗೂ ಇಡುವುದಿಲ್ಲ.

ತಂಡ ಫೀನಿಕ್ಸ್‌ಗೆ ಬಂದದ್ದು 1996ರಲ್ಲಿ. ಅದರ ಶ್ರೇಷ್ಠ ಫಲ ಡ್ರಾಫ್ಟ್ ವೇದಿಕೆ ಏರಿದ್ದು 2016ರಲ್ಲಿ. ನಡುವೆ ಇಪ್ಪತ್ತು ವರ್ಷ. ಕ್ರೀಡಾ ಆಡಳಿತಗಾರರು, ನಗರಸಭೆಗಳು, ಮಾಲೀಕರು ಲಾಭ-ನಷ್ಟವನ್ನು ವರ್ಷದ ಲೆಕ್ಕದಲ್ಲಿ ನೋಡುತ್ತಾರೆ. ಮಕ್ಕಳ ಬೆಳವಣಿಗೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ತಂಡ ಊರು ಬಿಟ್ಟ 2024ರ ವಸಂತದಲ್ಲಿ ಫೀನಿಕ್ಸ್‌ನಲ್ಲಿ ಹುಟ್ಟಿದ ಮಗು ಎನ್‌ಎಚ್‌ಎಲ್ ಡ್ರಾಫ್ಟ್‌ಗೆ ಅರ್ಹವಾಗುವುದು 2042ರಲ್ಲಿ. ಆ ನಗರ ನಿಜಕ್ಕೂ ಏನನ್ನು ಕಳೆದುಕೊಂಡಿತು ಎಂಬುದು ಆಗಷ್ಟೇ ತಿಳಿದೀತು. ಅಲ್ಲಿಯವರೆಗೆ ಆ ಬಿಸಿಲಿನಲ್ಲಿ ಸಣ್ಣ ಅಂಗಳಗಳ ಮಂಜು ಕರಗದಂತೆ ನೋಡಿಕೊಳ್ಳುವವರು ಯಾರು ಎಂಬುದೇ ಉಳಿದಿರುವ ಪ್ರಶ್ನೆ.